ಒಳಗಿನಿಂದ ತೆರೆಯದ ಬಾಗಿಲು

ಕಾರಿನ ಬಾಗಿಲು ಕೈಕೊಟ್ಟರೆ ಆ ಬೀದಿಯವರಿಗೆಲ್ಲ ಅವನೇ ಗತಿ. ಹೆತ್ತವರು ಇಟ್ಟ ಹೆಸರು ಎಂದೋ ಹಿಂದೆ ಸರಿದು, ಎಲ್ಲರ ಬಾಯಲ್ಲೂ ಬಾಗಿಲಣ್ಣ ಎಂದೇ ಆಗಿಬಿಟ್ಟಿದ್ದ. ಕೀಲಿಯ ಗುಂಡಿ ಒತ್ತಿದಾಗ ನಾಲ್ಕೂ ಬಾಗಿಲು ಒಟ್ಟಿಗೆ ‘ಟಕ್’ ಎಂದರೆ ಸರಿ. ಒಂದು ಗೊಣಗಿದರೆ ಅದರೊಳಗಿನ ಪುಟ್ಟ ಮೋಟಾರು ಸೋತಿದೆ. ತುಟಿಪಿಟಕ್ಕೆನ್ನದಿದ್ದರೆ ಎಲ್ಲೋ ತಂತಿ ತುಂಡಾಗಿದೆ. ಅವನು ಬಾಗಿಲಿಗೆ ಕಿವಿಯಾನಿಸಿ ಕೂತಾಗಲೆಲ್ಲ ಪಕ್ಕದ ಪಂಕ್ಚರ್ ಅಂಗಡಿಯವನು, “ಏನಂತೆ ಬಾಗಿಲಣ್ಣ? ಚಾಡಿ ಹೇಳ್ತಿದೆಯಾ?” ಎಂದು ಕಾಲೆಳೆಯುತ್ತಿದ್ದ.

ಒಂದು ದಿನ ಅದೇ ಬೀದಿಯ ಶಾಲೆಯ ಟೀಚರ್ ತಂದ ಕಾರಿನ ಹಿಂದಿನ ಎಡ ಬಾಗಿಲು ಮೌನ ಹಿಡಿದಿತ್ತು. ಬಾಗಿಲಿಗೂ ಕಾರಿನ ಮೈಗೂ ನಡುವೆ ತಂತಿಗಳು ಹಾಯುವ ರಬ್ಬರ್ ಕೊಳವೆಯನ್ನು ಅವನು ಬಿಡಿಸಿದ. ತೆರೆದು ಮುಚ್ಚಿ, ತೆರೆದು ಮುಚ್ಚಿ ಒಂದು ತಂತಿ ಒಳಗೇ ಮುರಿದಿತ್ತು. ಬೆಸುಗೆ ಹಾಕಿದ. ಬಾಗಿಲ ಒಳಹಲಗೆ ಬಿಚ್ಚಿ ಮೋಟಾರನ್ನೂ ಒರೆಸಿದ.

ಹಾಗೆ ಬೆರಳು ಒಳಗೆ ತೂರಿಸುವ ಮೊದಲು ಅವನದೊಂದು ಪದ್ಧತಿಯಿತ್ತು. ಬಾಗಿಲ ಅಂಚಿನಲ್ಲಿ ‘ಮಕ್ಕಳ ಲಾಕ್’ ಎಂಬ ಸಣ್ಣ ಕಡ್ಡಿ ಇರುತ್ತದೆ. ಅದನ್ನು ಕೆಳಗೆ ತಳ್ಳಿದರೆ ಒಳಗೆ ಕೂತವರು ಹಿಡಿಕೆಯನ್ನು ಎಷ್ಟೆಳೆದರೂ ಬಾಗಿಲು ತೆರೆಯದು, ಹೊರಗಿನವರೇ ತೆರೆಯಬೇಕು. ಹಿಂದೊಮ್ಮೆ ಒಳಗೆ ಕೂತಿದ್ದ ಗಿರಾಕಿ ಸುಮ್ಮನಿರಲಾರದೆ ಹಿಡಿಕೆ ಎಳೆದದ್ದಕ್ಕೆ ಇವನ ಉಗುರು ಕಿತ್ತುಬಂದಿತ್ತು. ಅಂದಿನಿಂದ ಕೆಲಸಕ್ಕೆ ಮುಂಚೆ ಕಡ್ಡಿ ಕೆಳಗೆ, ಕೆಲಸ ಮುಗಿದೊಡನೆ ಮೇಲೆ. ಆ ದಿನ ನಾಲ್ಕೂ ಬಾಗಿಲು ಎಷ್ಟು ಚೆಂದಕ್ಕೆ ‘ಟಕ್’ ಎಂದವೆಂದರೆ, ಅದೇ ಖುಷಿಯಲ್ಲಿ ಕಡ್ಡಿಯನ್ನು ಮರೆತ.

ಮುಂದಿನ ವಾರ ಹಿಂದಿನ ದೀಪದ ಬಲ್ಬು ಹಾಕಿಸಲು ಟೀಚರ್ ಮತ್ತೆ ಬಂದಳು. ಕಣ್ಣುಗಳು ಕೆಂಪಾಗಿದ್ದವು.

“ಬಾಗಿಲು ಹೇಗಿದೆ ಟೀಚರ್?”

“ಬಾಗಿಲು ಚೆನ್ನಾಗಿದೆ ಬಾಗಿಲಣ್ಣ. ಅಮ್ಮನೇ ಕೆಟ್ಟುಹೋಗಿದಾಳೆ.”

ಮೊನ್ನೆ ಹಿಂದಿನ ಸೀಟಿನ ಬಲಬದಿಯ ತುಂಬ ಹೊಲಿಗೆ ಬಟ್ಟೆಯ ಗಂಟುಗಳನ್ನು ಪೇರಿಸಿ, ಎಡಬದಿಗೆ ಅಮ್ಮನನ್ನು ಕೂರಿಸಿ, ಟೀಚರ್ ಅಂಗಡಿಯೊಳಗೆ ಹೋಗಿದ್ದಳಂತೆ. ಬರುವಷ್ಟರಲ್ಲಿ ಅಮ್ಮ ಬೆವರಿನಲ್ಲಿ ತೊಯ್ದು, ಗಾಜು ಬಡಿಯುತ್ತಿದ್ದಳಂತೆ. ಹೊರಗಿನಿಂದ ಮುಟ್ಟಿದ ಕೂಡಲೇ ಬಾಗಿಲು ತೆರೆದುಕೊಂಡಿತಂತೆ.

“ಬಾಗಿಲು ತೆಗೆಯೋದೇ ಮರೆತುಹೋಗಿದೆ ಅವಳಿಗೆ. ಮೊದಲೇ ಅಲ್ಲೊಂದು ಇಲ್ಲೊಂದು ಹೆಸರು ತಪ್ಪು ಹೇಳ್ತಿದ್ಲು. ಸೂಜಿ ಕೈಗೆ ಹೊಕ್ಕೀತು ಅಂತ ಹೊಲಿಗೆ ಮಿಷನ್ ಅಟ್ಟಕ್ಕೆ ಏರಿಸಿಬಿಟ್ಟೆ. ಜಗಳನೂ ಆಡಲಿಲ್ಲ ಬಾಗಿಲಣ್ಣ. ‘ಹೌದಮ್ಮ, ನನ್ನ ತಲೆ ಹೋಯ್ತು’ ಅಂದುಬಿಟ್ಲು.”

ಬಾಗಿಲಣ್ಣ ಬಲ್ಬು ಸಿಕ್ಕಿಸಿ, ಹಿಂದಿನ ಎಡ ಬಾಗಿಲು ತೆರೆದು ನೋಡಿದ. ಕಡ್ಡಿ ಕೆಳಗಿತ್ತು. ಅವನು ಯೋಚಿಸುವ ಮೊದಲೇ ಹೆಬ್ಬೆರಳು ಅದನ್ನು ಮೇಲಕ್ಕೆತ್ತಿಬಿಟ್ಟಿತು. ಇನ್ನು ಸಾಕ್ಷಿಯೆಂದರೆ ಅವನ ನಾಲಿಗೆ ಮಾತ್ರ. ಆ ನಾಲಿಗೆ, “ಬಲ್ಬು ಹಾಕಿದೀನಿ, ನೋಡ್ಕೊಳ್ಳಿ,” ಎಂದಿತು. ಕಾರು ಹೊರಟುಹೋಯಿತು.

ಸಂಜೆ ತಟ್ಟೆಯ ಮುಂದೆ ಕೂತವನು ಅನ್ನ ಕಲಸುತ್ತಲೇ ಇದ್ದ. ಹೆಂಡತಿ ಕೆದಕಿ ಕೆದಕಿ ಎಲ್ಲ ಹೊರಗೆಳೆದಳು.

“ಮರೆತವರು ನೀವು. ಮರೆವಿನ ಕಾಯಿಲೆ ಅವರಿಗಾ?”

“ಹೇಳಿದ್ರೆ ನಾಳೆಯಿಂದ ಯಾರು ಬರ್ತಾರೆ ನನ್ನ ಹತ್ರ?”

“ಯಾರೂ ಬರದಿದ್ರೆ ಮನೇಲಿ ಕೂತು ನನ್ನ ಮಾತು ಕೇಳಿ. ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಾ?”

ಅವನಿಗೆ ನಗು ಬರಲಿಲ್ಲ. ಅವಳೂ ನಗಿಸಲೆಂದು ಹೇಳಿರಲಿಲ್ಲ.

ಬೆಳಿಗ್ಗೆ ಟೀಚರ್ ಮನೆಗೆ ಹೋದ. ಅಮ್ಮ ಕಿಟಕಿಯ ಪಕ್ಕ, ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು. ಆ ಕೈಗಳನ್ನು ನೋಡಿಯೇ ಅವನು ಮಾತಾಡಿದ. ಮುಖ ನೋಡಿದ್ದರೆ ಮಾತಾಡಲು ಆಗುತ್ತಿರಲಿಲ್ಲ.

“ಅಮ್ಮ, ನಿಮ್ಮ ತಲೆ ನೆಟ್ಟಗಿದೆ. ತಪ್ಪು ನಂದು.”

ಕಡ್ಡಿಯ ಕಥೆ ಕೇಳಿದ ಮೇಲೂ ಅಮ್ಮನಿಗೆ ನಂಬಿಕೆ ಬರಲಿಲ್ಲ. “ಪಾಪ ಅಂತ ಹೇಳ್ತಿದೀಯೇನಪ್ಪ?” ಎಂದಳು. “ತೋರಿಸು.”

ಕಾರಿನ ಹತ್ತಿರ ಹೋದರು. ಅವನು ಕಡ್ಡಿ ಕೆಳಗೆ ತಳ್ಳಿದ. ಅಮ್ಮ ಒಳಗೆ ಕೂರಲಿಲ್ಲ.

“ನಾನಲ್ಲ. ಇವಳು ಕೂತ್ಕೊಳ್ಳಲಿ.”

ಟೀಚರ್ ಕೂತಳು. ಬಾಗಿಲು ಮುಚ್ಚಿತು. ಗಾಜಿನಾಚೆ ಹಿಡಿಕೆ ಎಳೆದಳು, ಇನ್ನೊಮ್ಮೆ ಎಳೆದಳು, ಆಮೇಲೆ ಎರಡೂ ಕೈಯಲ್ಲಿ ಎಳೆದಳು. ಅಮ್ಮ ಹೊರಗೆ ನಿಂತು ನೋಡುತ್ತಲೇ ಇದ್ದಳು. ತೆರೆಯಲು ಅವಸರ ಮಾಡಲಿಲ್ಲ. ತೆರೆದಾಗ ಮಗಳ ಕಣ್ಣಲ್ಲಿ ನೀರಿತ್ತು.

“ಅಮ್ಮಾ...”

“ಅಳೋದು ಆಮೇಲೆ. ಬಾಗಿಲಣ್ಣ, ನಿನ್ನನ್ನ ಬೈಯೋದೂ ಆಮೇಲೆ. ಮೊದಲು ನನ್ನ ಮಿಷನ್ ಕೆಳಗಿಳಿಸು.”

ಅವನು ಅಟ್ಟ ಹತ್ತಿ ಮಿಷನ್ನು ಇಳಿಸಿದ, ಒರೆಸಿದ, ಕಿಟಕಿಯ ಬೆಳಕಿಗೆ ಇಟ್ಟ. ಅಮ್ಮ ಕೂತು ದಾರದ ರೀಲು ಸಿಕ್ಕಿಸಿದಳು. ದಾರವನ್ನು ಸೂಜಿಯತ್ತ ಹೋಗುವ ದಾರಿಯ ಮೊದಲ ಕೊಂಡಿಯವರೆಗೆ ತಂದಳು.

ಅಲ್ಲಿ ಕೈ ನಿಂತಿತು.

ಮುಂದಿನ ಕೊಂಡಿ ಯಾವುದೆಂದು ಅವಳು ಮಗಳ ಮುಖ ನೋಡಿದಳು. ಒಂದು ಕಾಲಕ್ಕೆ ಮಾತಾಡುತ್ತಲೇ, ನೋಡದೆಯೇ ಪೋಣಿಸುತ್ತಿದ್ದ ಕೈ ಅದು. ಇದು ನಿಜವಾಗಿಯೂ ವಯಸ್ಸು ತಂದ ಮರೆವೋ, ತಾನು ಅವಳೊಳಗೆ ಹಾಕಿಬಿಟ್ಟ ಅಳುಕೋ, ಬಾಗಿಲಣ್ಣನಿಗೆ ತಿಳಿಯಲಿಲ್ಲ. ಕಿವಿಯಿಟ್ಟು ಕೇಳಿ ಕಂಡುಹಿಡಿಯುವಂಥದ್ದಲ್ಲ ಅದು.

ಟೀಚರ್ ತೋರಿಸಲು ಬೆರಳೆತ್ತಿದಳು. ಅವನು ಬೇಡವೆಂದು ತಲೆಯಾಡಿಸಿದ.

“ನಿಧಾನ ಅಮ್ಮ,” ಎಂದ. “ನನಗೇನೂ ಅವಸರ ಇಲ್ಲ.” ಹಾಗೆಂದು ನೆಲದ ಮೇಲೆ ಕೂತುಕೊಂಡ.