ಬ್ಯಾಟಿನ ಹಿಡಿ ಬಿಡಿಸುವ ಹೀಟರು

ದಾವಣಗೆರೆಯಲ್ಲಿ ನಮ್ಮದು ಬಡಗಿ ಅಂಗಡಿ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಊರಿಗೆ ಕ್ರಿಕೆಟ್ ಹುಚ್ಚು ಹಿಡಿದು, ನನ್ನ ಗಂಡ ಮುರಿದ ಬ್ಯಾಟುಗಳ ರಿಪೇರಿಗೆ ಇಳಿದಿದ್ದರು. ಮುರಿಯುವುದು ಹಿಡಿ. ಅದರ ಬುಡ ಮಾತ್ರ ಹಲಗೆಯೊಳಗೆ ಸರೇಸಿನಲ್ಲಿ, ಅಂದರೆ ಚರ್ಮ ಕುದಿಸಿ ಮಾಡಿದ ಅಂಟಿನಲ್ಲಿ, ಕಚ್ಚಿಕೊಂಡಿರುತ್ತದೆ. ಅಂಟು ಮೆತ್ತಗಾಗದೆ ಹೊಸ ಹಿಡಿ ಕೂರುವುದಿಲ್ಲ. ಇವರು ಕೆಂಡದ ಮೇಲೆ ಹಿಡಿದು ಎರಡು ಬ್ಯಾಟು ಸುಟ್ಟಿದ್ದರು.

ಆಗಲೇ ಹರಿಹರದ ಒಂದು ಟೀಮಿನ ಕ್ಯಾಪ್ಟನ್ ರೈಲಿನಲ್ಲಿ ಬ್ಯಾಟು ಹೊತ್ತು ಬಂದ.

"ಯಜಮಾನ್ರೇ, ಇದಕ್ಕೆ ಒಂದು ಚೂರು ಮಸಿ ಹತ್ತಿದ್ರೂ ಹರಿಹರದಿಂದ ಒಂದು ನರಪಿಳ್ಳೆನೂ ನಿಮ್ಮ ಅಂಗಡಿಗೆ ಬರಲ್ಲ ನೋಡ್ರಿ. ಶನಿವಾರ ಬರ್ತೀನಿ."

ಕರೆಂಟಿನಲ್ಲಿ ಕಾಯಿಸೋಣ ಎಂದೆ ನಾನು. ಹಳೆಯ ಇಸ್ತ್ರಿಪೆಟ್ಟಿಗೆಯೊಳಗೆ ಕಾಗೆಬಂಗಾರದ ಹಾಳೆಗೆ ತಂತಿ ಸುತ್ತಿರುತ್ತದಲ್ಲ, ಅದನ್ನು ತೆಗೆದು ತಗಡಿನ ನಡುವೆ ಇಟ್ಟೆವು. ಮರದ ತುಂಡಿಗೆ ಒತ್ತಿದರೆ ಮರ ಕಂದಿತು.

"ಅರ್ಧ ತಂತಿ ಕತ್ತರಿಸಿದ್ರೆ ಕಾವೂ ಅರ್ಧ ಆಗ್ತೈತೆ," ಎಂದರು ಇವರು.

ನಾನೂ ಹೂಂ ಎಂದೆ. ಅರ್ಧ ಸೌದೆಗೆ ಅರ್ಧ ಉರಿ, ನಮಗೆ ಗೊತ್ತಿದ್ದ ಲೆಕ್ಕ ಅದೇ. ಕತ್ತರಿಸಿ ಸ್ವಿಚ್ ಹಾಕಿದ್ದೇ ತಡ, ತಂತಿ ಕೆಂಪಗಾಗಿ ಫ್ಯೂಸ್ ಹೋಯಿತು.

"ಇನ್ನು ಬ್ಯಾಡ ಬಿಡೇ. ಇದು ಓದಿದೋರ ಕೆಲ್ಸ."

"ಯಾಕ ಬ್ಯಾಡ? ಗಿಡ್ಡ ಮಾಡಿದ್ರೆ ಕಾವು ಏರ್ತು. ಉದ್ದ ಮಾಡಿದ್ರೆ ಇಳೀಬೇಕಲ್ರೀ?"

ಗುಜರಿಯಿಂದ ತಂತಿ ಸುತ್ತಿದ ಅಂಥವೇ ಎರಡು ಹಾಳೆ ತಂದು, ಒಂದೊಂದನ್ನೂ ತಗಡಿನಲ್ಲಿಟ್ಟು, ಒಂದರ ತಂತಿಯ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿದೆ. ಕಾಯಿಸಿ, ಸ್ವಿಚ್ ತೆಗೆದು, ತಗಡಿನ ಮೇಲೆ ನೀರಿನ ಹನಿ ಚಿಮುಕಿಸಿದೆ. ರೊಟ್ಟಿ ಹೆಂಚಾದರೆ ಚುಂಯ್ ಎನ್ನುತ್ತದೆ. ಇಲ್ಲಿ ಹನಿ ಸದ್ದಿಲ್ಲದೆ ಆರಿತು. ನನಗೆ ಬೇಕಿದ್ದದ್ದು ಅಷ್ಟೇ ಕಾವು.

ಬ್ಯಾಟಿನ ಆ ಕಡೆ ಒಂದು, ಈ ಕಡೆ ಒಂದು ತಗಡು ಬಿಗಿದು ಕೂತೆವು. ಸರೇಸಿನ ಗಬ್ಬು ವಾಸನೆ ಎದ್ದಿತು. ಇವರು ಇಕ್ಕಳ ಹಾಕಿ ಎಳೆದರು. ಹಿಡಿಯ ಬುಡ ಬೆಂದ ಗೆಣಸಿನ ಸಿಪ್ಪೆಯಂತೆ ಬಿಟ್ಟು ಬಂತು. ಹಲಗೆ ಬಿಳಿಯಾಗಿಯೇ ಇತ್ತು. ಇವರು ಹೊಸ ಹಿಡಿ ಕೂರಿಸಿದರು.

ಶನಿವಾರ ಬಂದ ಕ್ಯಾಪ್ಟನ್ ಬ್ಯಾಟನ್ನು ತಿರುಗಿಸಿ ನೋಡಿದ, ಮೂಸಿಯೂ ನೋಡಿದ. ಮಸಿ ಎಲ್ಲಿಂದ ಸಿಕ್ಕೀತು? ಆಮೇಲೆ ಮೂಲೆಯಲ್ಲಿದ್ದ ನಮ್ಮ ತಗಡುಗಳ ಮೇಲೆ ಅವನ ಕಣ್ಣು ಬಿತ್ತು.

"ಯಾವ ಇಂಜಿನಿಯರು ಮಾಡಿಕೊಟ್ರು ಈ ಹೀಟರ್‍ನ?"

ಇವರು ನನ್ನ ಕಡೆ ಗದ್ದ ಎತ್ತಿದರು.

"ಅಮ್ಮಾರು ಎಷ್ಟು ಓದೀರಿ?"

"ಮೂರನೇ ಕ್ಲಾಸು. ಹೊರಡ್ರಿ, ನಿಮ್ಮ ರೈಲಿನ ಹೊತ್ತಾತು."

ಆಮೇಲೆ ಹರಿಹರದಿಂದ ಬಂದವರೆಲ್ಲ "ಅಮ್ಮನ ಅಂಗಡಿ ಎಲ್ಲೈತ್ರಿ?" ಎಂದೇ ಕೇಳಿಕೊಂಡು ಬರುತ್ತಿದ್ದರು. ಬೋರ್ಡಿನ ಮೇಲಿದ್ದದ್ದು ಗಂಡನ ಹೆಸರು.