ಪುರಭವನದ ಹಿಂದಿನ ಗೋಡೆ

ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ಬಸ್ಸು ನಮ್ಮೂರಲ್ಲಿ ಪುರಭವನದ ಎದುರೇ ನಿಲ್ಲುತ್ತದೆ. ಇಳಿದವರು ಎಷ್ಟು ಚಂದದ ಕಟ್ಟಡ ಎನ್ನುತ್ತಾರೆ. ನನಗೆ ಮೈ ಉರಿಯುತ್ತದೆ.

ಅದನ್ನು ಕಟ್ಟಿದ್ದು ಮೂವತ್ತರ ದಶಕದ ಕೊನೆಯಲ್ಲಿ, ಊರವರ ಚಂದಾ ಹಣದಿಂದ. ನಾನಾಗ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿ. ನನ್ನ ಗಂಡ ಆ ಕೆಲಸದ ಮೇಸ್ತ್ರಿ. ಸುಣ್ಣದ ಗಾಡಿಗಳು ಪುರಭವನವನ್ನು ದಾಟಿ, ಪುರಸಭೆ ಅಧ್ಯಕ್ಷರು ಕಟ್ಟಿಸುತ್ತಿದ್ದ ಸ್ವಂತ ಮನೆಯ ಮುಂದೆ ನಿಲ್ಲತೊಡಗಿದವು. ಹಿಂದಿನ ಗೋಡೆಯನ್ನು ಬರೀ ಮಣ್ಣಲ್ಲಿ ಕಟ್ಟಿ ಮೇಲೆ ಸುಣ್ಣ ಬಳಿ ಎಂದು ಅಧ್ಯಕ್ಷರ ಅಪ್ಪಣೆಯಾಯಿತು.

"ಆಗಾಕಿಲ್ಲ ಸಾ. ಜನ ಕೂರೋ ಜಾಗ. ಗ್ವಾಡೆ ಬಿದ್ರೆ ಯಾರು ಒಣೆ?" ಎಂದುಬಿಟ್ಟರು ಇವರು. ಮಾರನೆಯ ದಿನ ಬೇರೆ ಮೇಸ್ತ್ರಿ ಬಂದ.

ಉದ್ಘಾಟನೆಗೆ ಹಾಸನದಿಂದ ಅಧಿಕಾರಿಗಳು ಬಂದರು. ಮಕ್ಕಳಿಂದ ಸ್ವಾಗತಗೀತೆ ಹಾಡಿಸಿ ಕೂತೆ. ಅಧ್ಯಕ್ಷರು ಎದ್ದು ತಮ್ಮ ನಿಸ್ವಾರ್ಥ ಸೇವೆಯನ್ನು ಬಣ್ಣಿಸತೊಡಗಿದಾಗ ನನಗೆ ತಡೆಯಲಾಗಲಿಲ್ಲ. ಹಿಂದಿನ ಗೋಡೆಯ ಹತ್ತಿರ ಹೋಗಿ ತಲೆಪಿನ್ನಿನಿಂದ ಕೆರೆದೆ. ಉದುರಿದ ಮಣ್ಣನ್ನು ಹಿಡಿಯಲ್ಲಿ ತಂದು ಅಧಿಕಾರಿಗಳ ಮೇಜಿನ ಮೇಲಿಟ್ಟೆ.

"ಊರವರು ಸುಣ್ಣಕ್ಕೆ ದುಡ್ಡು ಕೊಟ್ಟಿದ್ದರು ಸ್ವಾಮಿ. ಗೋಡೆಯಲ್ಲಿರೋದು ಇದು."

ಅವರು ಕರವಸ್ತ್ರದಿಂದ ಮೇಜು ಒರೆಸಿದರು. "ಶುಭ ಸಮಾರಂಭದಲ್ಲಿ ಇದೆಲ್ಲ ಯಾಕಮ್ಮ?" ಚಂದಾ ಕೊಟ್ಟವರೆಲ್ಲ ಅಲ್ಲೇ ಕೂತಿದ್ದರು. ಅಧ್ಯಕ್ಷರು ಭಾಷಣ ಮುಂದುವರಿಸಿದಾಗ ಚಪ್ಪಾಳೆ ತಟ್ಟಿದರು.

ವಾರದೊಳಗೆ ನನ್ನನ್ನು ಚನ್ನರಾಯಪಟ್ಟಣಕ್ಕೆ ವರ್ಗ ಮಾಡಿದರು. ಪಾತ್ರೆ ಕಟ್ಟುತ್ತಾ ನಾನು ಅತ್ತಾಗ ಇವರು ಹೇಳಿದ್ದು ಇಷ್ಟೇ: "ಏಳ್ದೆ ಇದ್ದಿದ್ರೆ ನಿಂಗೆ ಅನ್ನ ಇಳೀತಿತ್ತಾ? ಬುಡು, ಅಲ್ಲೂ ಗ್ವಾಡೆ ಕಟ್ಸೋರು ಅವ್ರೆ ಕಣೆ."

ಕೆಲವು ಮಳೆಗಾಲ ಕಳೆದ ಮೇಲೆ, ಒಂದು ಸಂತೆಯ ದಿನ, ಆ ಗೋಡೆ ಕುಸಿಯಿತು. ಸೂರಿನ ಕೆಳಗೆ ಮಳೆಗೆ ನಿಂತಿದ್ದ ಸೊಪ್ಪಿನವಳ ಕಾಲು ಜಜ್ಜಿಹೋಯಿತು. ಮಳೆ ಜೋರಾಗಿತ್ತು, ಯಾರೇನು ಮಾಡಲಾಗುತ್ತದೆ ಎಂದರಂತೆ ಅಧ್ಯಕ್ಷರು. ಆ ವರ್ಷದ ಪುರಸಭೆ ಚುನಾವಣೆಯಲ್ಲೂ ಅವರೇ ಗೆದ್ದರು.

ಗೋಡೆ ಕಟ್ಟಿಕೊಡಿ ಎಂದು ಊರವರು ಇವರನ್ನು ಹುಡುಕಿಕೊಂಡು ಚನ್ನರಾಯಪಟ್ಟಣಕ್ಕೆ ಬಂದರು. ಹೋಗಬೇಡಿ ಎಂದು ನಾನು ಕೂಗಾಡಿದೆ.

"ಬತ್ತೀನಿ. ಆದ್ರೆ ಗಾರೆನ ನಡುಬೀದೀಲಿ ಕಲಸ್ತೀನಿ. ಎಲ್ರೂ ನಿಂತು ನೋಡ್ಬೇಕು," ಎಂದರು ಇವರು, ಊರವರಿಗೆ.

ಹಾಗೆಯೇ ಕಟ್ಟಿದರು. ಸೊಪ್ಪಿನವಳು ಕೋಲೂರಿಕೊಂಡು ಬಂದು ದಿನವೂ ಎದುರು ಕೂರುತ್ತಿದ್ದಳು. ಆ ಗೋಡೆ ಇನ್ನೂ ಗಟ್ಟಿಯಾಗಿದೆ. ಬಾಗಿಲ ಕಲ್ಲಿನ ಮೇಲೆ ಮಾತ್ರ ಅಧ್ಯಕ್ಷರ ಹೆಸರೇ ಇದೆ. ಸೊಪ್ಪಿನವಳ ಕಾಲಿನ ಬಗ್ಗೆ ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ.