ಶೇಂಗಾ ಹೋಳಿಗೆ ಮತ್ತು ಬಾಕಿ ಉಳಿದ ಒಂದು ವರ್ಷ

೨೦೧೯ರ ಮೇ ತಿಂಗಳಿಡೀ ನಮ್ಮ ರಾಕ್‌ವಿಲ್ ಮನೆಯಲ್ಲಿ ಫೋನ್ ರಿಂಗಾದರೆ ಸಾಕು, ನಾನು ಒಲೆಯ ಮೇಲಿದ್ದುದನ್ನು ಹಾಗೇ ಬಿಟ್ಟು ಓಡುತ್ತಿದ್ದೆ. ಅದು ನನ್ನ ಫೋನೇನೂ ಅಲ್ಲ, ಮಗಳದ್ದು. ಆದರೂ ಅವಳಿಗಿಂತ ಮೊದಲು ಹೋಗಿ ಯಾವ ಊರಿನ ನಂಬರು ಎಂದು ನಾನು ಇಣುಕಲೇಬೇಕು. ಹರೆಯದ ಹುಡುಗಿ ನೀನೋ ಅವಳೋ ಎಂದು ನನ್ನ ಗಂಡ ನಗುತ್ತಿದ್ದರು. ಅವರು ಸಿವಿಲ್ ಎಂಜಿನಿಯರು, ಮನೆಯ ನೀರಿನ ಪೈಪು ಒಡೆದರೂ ಊಟ ಮುಗಿಸಿಯೇ ಏಳುವ ಸ್ವಭಾವ. ನನ್ನದು ಹಾಗಲ್ಲ. ನಾನು ಬಾಗಲಕೋಟೆ ಕಡೆಯವಳು, ಬಿಸಿಲಿಗೂ ಖಾರಕ್ಕೂ ಹುಟ್ಟಿದವಳು.

ಫೋನುಗಳು ಬರುತ್ತಿದ್ದುದು ಬಾಸ್ಕೆಟ್‌ಬಾಲಿನ ಸಲುವಾಗಿ. ಇಲ್ಲಿ ಅಮೆರಿಕದಲ್ಲಿ ಕಾಲೇಜಿನ ಆಟಗಾರರಿಗೆ ನಾಲ್ಕು ವರ್ಷ ಆಡುವ ಹಕ್ಕು ಇರುತ್ತದೆ. ನನ್ನ ಮಗಳು ವಾಷಿಂಗ್ಟನ್ನಿನ ಒಂದು ಕಾಲೇಜಿನ ತಂಡಕ್ಕೆ ಸೇರಿದ ಮೊದಲ ವರ್ಷವೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಆಪರೇಷನ್ ಆಗಿ ಮನೆಯಲ್ಲಿ ಕೂತಳು. ಆ ವರ್ಷವನ್ನು ಕಾಲೇಜು ಆಟದ ಮಂಡಳಿಯವರು ಲೆಕ್ಕಕ್ಕೆ ಹಿಡಿಯಲಿಲ್ಲ. ಹೀಗಾಗಿ ಡಿಗ್ರಿ ಮುಗಿದರೂ ಅವಳ ಪಾಲಿಗೆ ಒಂದು ವರ್ಷದ ಆಟ ಉಳಿದಿತ್ತು. ಬೇರೆ ಕಾಲೇಜಿನಲ್ಲಿ ಮಾಸ್ಟರ್ಸ್‌ಗೆ ಸೇರಿದರೆ ಅಲ್ಲಿಯ ತಂಡದಲ್ಲಿ ಅದನ್ನು ಆಡಬಹುದು. ಆದರೆ ಯಾರಾದರೂ ಕರೆಯಬೇಕು.

ಹಳೆಯ ಕಾಲೇಜಿನಲ್ಲಿ ಉಳಿದ ಮೂರು ವರ್ಷ ಅವಳು ಆಡಿದ್ದು ಕಡಿಮೆ, ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟಿದ್ದೇ ಹೆಚ್ಚು. ನಾನು ಬಯೋಟೆಕ್ ಕಂಪನಿಯ ಲ್ಯಾಬಿನ ಕೆಲಸ ಮುಗಿಸಿ, ಕೋಟು ಬಿಚ್ಚಿ, ಮೆಟ್ರೋ ಹಿಡಿದು ಆಟ ನೋಡಲು ಹೋಗುತ್ತಿದ್ದೆ. ಡಬ್ಬಿಯಲ್ಲಿ ಚಕ್ಕುಲಿ ಇರುತ್ತಿತ್ತು. ಅವಳನ್ನು ಆಟದ ಅಂಗಳಕ್ಕೆ ಇಳಿಸುವವರೆಗೆ ತಿನ್ನುವುದಿಲ್ಲ ಎಂದು ಹಟ ಹಿಡಿದು, ಎಷ್ಟೋ ಸಲ ಚಕ್ಕುಲಿಯನ್ನು ಹಾಗೇ ವಾಪಸು ತಂದಿದ್ದೇನೆ. ಕೊನೆಯ ವರ್ಷದವರನ್ನು ಬೀಳ್ಕೊಡುವ ಆಟದ ದಿನ ನಮ್ಮನ್ನೂ ಅಂಗಳದ ನಡುವೆ ಕರೆದು, ಹೂ ಕೊಟ್ಟು, ಫೋಟೋ ತೆಗೆದರು. ಆಮೇಲೆ ಅವಳನ್ನು ಇಳಿಸಿದ್ದು ಕೊನೆಯ ಎರಡು ನಿಮಿಷಕ್ಕೆ. ಆ ಹೂವನ್ನು ಅಲ್ಲಿಯ ಕೋಚ್‌ನ ತಲೆಯ ಮೇಲೆ ಹೊಡೆಯಬೇಕು ಅನ್ನಿಸಿತ್ತು ನನಗೆ.

ಅವತ್ತು ಕಾರಿನಲ್ಲಿ ಮಗಳು ಹೇಳಿದ ಮಾತು ಇಷ್ಟೇ: "ಅಮ್ಮ, ಇನ್ನೂ ಒನ್ ಇಯರ್ ಇದೆ. ಒಂದೇ ಇಯರ್. ಐ ವಾಂಟ್ ಟು ಪ್ಲೇ ಇಟ್, ಸುಮ್ನೆ ಕೂತ್ಕೊಳ್ಳಕ್ಕೆ ಅಲ್ಲ."

ಅದಾದ ಮೇಲೆ ಅವಳ ಹೆಸರು ಕಂಪ್ಯೂಟರಿನ ಒಂದು ಪಟ್ಟಿಗೆ ಹೋಯಿತು. ಕಾಲೇಜು ಬದಲಿಸಬೇಕೆಂದಿರುವ ಆಟಗಾರರದ್ದೇ ಪಟ್ಟಿ ಅದು. ದೇಶದ ಕೋಚ್‌ಗಳೆಲ್ಲ ಅದನ್ನು ನೋಡಿ, ಎತ್ತರವೆಷ್ಟು, ಓದು ಏನು, ಮೊಣಕಾಲು ಹೇಗಿದೆ ಎಂದು ವಿಚಾರಿಸಿಕೊಂಡು ಫೋನ್ ಮಾಡುತ್ತಾರೆ. ಇದು ಸಾಕ್ಷಾತ್ ಕನ್ಯಾನ್ವೇಷಣೆ, ಜಾತಕ ಒಂದು ಕೇಳಲಿಲ್ಲ ನೋಡಿ. ನನಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಟ್ಲಾಂಟಾದವರು ಎರಡು ಸಲ ಚೆನ್ನಾಗಿ ಮಾತಾಡಿ, ಕೊನೆಗೆ ತಮಗೆ ಇನ್ನೂ ಎತ್ತರದ ಹುಡುಗಿ ಬೇಕು ಎಂದರು. ಮಗಳು ಐದಡಿ ಆರಂಗುಲ. ಇಡೀ ನಮ್ಮ ಬಳಗದಲ್ಲಿ ಅಷ್ಟು ಎತ್ತರದ ಹೆಣ್ಣಿಲ್ಲ, ಇವರಿಗೆ ಸಾಲದಂತೆ. ದಕ್ಷಿಣ ಕ್ಯಾರೊಲೈನಾದವರು ಒಮ್ಮೆ ಫೋನ್ ಮಾಡಿ ಮತ್ತೆ ಸುದ್ದಿಯಿಲ್ಲ. ಇನ್ನೇನು ತಿಂಗಳು ಮುಗಿಯಿತು ಅನ್ನುವಾಗ, ಉತ್ತರ ಕ್ಯಾರೊಲೈನಾದಲ್ಲಿ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಕಂಪನಿಗಳ ನೆಲೆಯ ಹತ್ತಿರದ ಒಂದು ಸಣ್ಣ ಕಾಲೇಜಿನ ಕೋಚ್ ಫೋನ್ ಮಾಡಿದಳು. ಭಾನುವಾರ ನಾನೇ ನಿಮ್ಮ ಮನೆಗೆ ಬರುತ್ತೇನೆ, ತಂದೆತಾಯಿಯನ್ನೂ ನೋಡಬೇಕು ಎಂದಳು.

ಮನೆಗೆ ಬರುತ್ತಾಳೆ ಅಂದಮೇಲೆ ನಾನು ಸುಮ್ಮನಿರುವವಳೇ? ಶನಿವಾರವೇ ಕಡಲೆಬೇಳೆ ಪಲ್ಯ, ಎಣ್ಣೆಗಾಯಿ, ಖಡಕ್ ರೊಟ್ಟಿ ಎಲ್ಲ ಸಿದ್ಧ. ಭಾನುವಾರ ಬೆಳಿಗ್ಗೆ ಎದ್ದು ಶೇಂಗಾ ಹುರಿದು, ಸಿಪ್ಪೆ ಹಾರಿಸಿ, ಬೆಲ್ಲ ಕೂಡಿಸಿ ಹೋಳಿಗೆ ಮಾಡಿದೆ. ಹೋಳಿಗೆಯ ವಿಷಯ ಇಲ್ಲಿಯೇ ಹೇಳಿಬಿಡಬೇಕು. ನಮ್ಮ ಮನೆತನದಲ್ಲಿ ಹೆಣ್ಣು ನೋಡಲು ಬಂದವರಿಗೆ ಬಾಯಿಂದ ಹೂಂ ಅನ್ನುವ ಪದ್ಧತಿ ಇಲ್ಲ. ಸಂಬಂಧ ಒಪ್ಪಿಗೆ ಇಲ್ಲದಿದ್ದರೆ ಅವಲಕ್ಕಿ, ಚಹಾ. ಒಪ್ಪಿಗೆ ಇದ್ದರೆ ತಟ್ಟೆಗೆ ಹೋಳಿಗೆ ಬೀಳುತ್ತದೆ. ಬಾಯಲ್ಲಿ ಮಾತ್ರ "ಎಲ್ಲಾರೂ ಕೂಡಿ ಮಾತಾಡಿ ತಿಳಸ್ತೀವ್ರಿ" ಅನ್ನಬೇಕು, ಮುಖ ಬಿಗಿಯಾಗಿರಬೇಕು. ಹೆಣ್ಣಿನವರು ಹಲ್ಲು ಕಿಸಿದರೆ ಹೆಣ್ಣಿನ ಬೆಲೆ ಹೋಗುತ್ತದೆ. ನನ್ನನ್ನು ನೋಡಲು ಬಂದಾಗ ನನ್ನ ತಾಯಿ ಅಡುಗೆಮನೆಯಲ್ಲಿ ಕುಣಿಯುವುದೊಂದು ಬಾಕಿ. ಹೊರಗೆ ಬಂದು ಸೊಟ್ಟ ಮುಖ ಮಾಡಿಕೊಂಡು ತಿಳಿಸುತ್ತೇವೆ ಎಂದಳು. ಗಂಡಿನವರು ಹೋಳಿಗೆ ತಿಂದು ನೆಮ್ಮದಿಯಿಂದ ಊರಿಗೆ ಹೋಗಿ ಛತ್ರ ಹುಡುಕಿದರು.

ಕೋಚ್ ಬಂದಳು. ನರೆತ ಕೂದಲನ್ನು ಹಿಂದಕ್ಕೆ ಗಟ್ಟಿಯಾಗಿ ಕಟ್ಟಿದ್ದಳು, ನನ್ನ ವಯಸ್ಸೇ ಇರಬೇಕು, ಷೂ ಬಿಡು ಎಂದು ಹೇಳುವ ಮೊದಲೇ ಬಾಗಿಲಲ್ಲಿ ಬಿಟ್ಟಳು. ಅಲ್ಲಿಗೇ ನನಗೆ ಅರ್ಧ ಒಪ್ಪಿಗೆ. ರೊಟ್ಟಿ ಮುರಿದು ಎಣ್ಣೆಗಾಯಿ ಹಚ್ಚಿಕೊಂಡು ಕಣ್ಣಲ್ಲಿ ನೀರು ಬಂದರೂ ಬಿಡದೆ ತಿಂದಾಗ ಪೂರ್ತಿ ಒಪ್ಪಿಗೆ. ಅವಳು ಮಾತು ಸುತ್ತಿಬಳಸಲಿಲ್ಲ. ತನ್ನ ತಂಡದಲ್ಲಿ ಚೆಂಡನ್ನು ನಡೆಸುವವಳ ಜಾಗ ಒಂದೇ ಒಂದು ಖಾಲಿ ಇದೆ, ನಿಮ್ಮ ಮಗಳು ಬಂದರೆ ಮೊದಲ ಆಟದಿಂದಲೇ ಅಂಗಳದಲ್ಲಿರುತ್ತಾಳೆ, ಬೆಂಚಿನ ಮೇಲಲ್ಲ ಎಂದಳು. ನಿಮಗೆ ಹೇಗನ್ನಿಸುತ್ತದೆ ಎಂದು ನನ್ನ ಮುಖ ನೋಡಿದಳು.

ನನಗೆ ಹೇಗನ್ನಿಸುತ್ತದೆ! ಎದ್ದು ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸುತ್ತಿತ್ತು. ಆದರೆ ನಾನು ನನ್ನ ತಾಯಿಯ ಮಗಳು. ಮುಖ ಬಿಗಿಹಿಡಿದು, ತಟ್ಟೆಗೆ ಎರಡು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು, ಮನೆಯವರೆಲ್ಲ ಮಾತಾಡಿ ತಿಳಿಸುತ್ತೇವೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಕೋಚ್ ಮಗಳ ಕಡೆ ನೋಡಿದಳು. ಮಗಳು ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. ಎಂಥ ಮರ್ಯಾದಸ್ಥ ಹುಡುಗಿ ಎಂದು ನಾನು ಒಳಗೇ ಹಿಗ್ಗಿದೆ. ಹೊರಡುವಾಗ ಕೋಚ್‌ಗೆ ಕುಂಕುಮ ಹಚ್ಚಿ, ಕುಪ್ಪಸದ ಖಣ, ತೆಂಗಿನಕಾಯಿ ಇಟ್ಟು ಉಡಿ ತುಂಬಿದೆ. ಇನ್ನೇನು ಬೇಕು? ನನ್ನ ಪ್ರಕಾರ ಮದುವೆಯೇ ಮುಗಿದಿತ್ತು.

ಬುಧವಾರ ಸಂಜೆ ಲ್ಯಾಬಿನಿಂದ ಬಂದಾಗ ಮಗಳು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಳು. ಫೋನನ್ನು ನನ್ನ ಮುಂದೆ ಹಿಡಿದಳು. ಕೋಚ್ ಬರೆದಿದ್ದಳು: ಅಂಥ ಊಟ ಜನ್ಮದಲ್ಲಿ ಉಂಡಿರಲಿಲ್ಲ, ಧನ್ಯವಾದ. ನಿಮ್ಮ ಮನೆಯವರಿಗೆ ಮನಸ್ಸಿಲ್ಲ ಎಂದು ಅರ್ಥವಾಯಿತು, ಬೇಸರವಿಲ್ಲ. ಶುಕ್ರವಾರ ಇನ್ನೊಬ್ಬ ಹುಡುಗಿ ಕಾಲೇಜು ನೋಡಲು ಬರುತ್ತಿದ್ದಾಳೆ, ಬಹುಶಃ ಅವಳನ್ನೇ ತೆಗೆದುಕೊಳ್ಳುತ್ತೇನೆ. ನಿನಗೆ ಒಳ್ಳೆಯದಾಗಲಿ.

ನಾನು ಎರಡು ಸಲ ಓದಿದೆ. ಹೋಳಿಗೆ ತಿಂದಳಲ್ಲ ಎಂಬುದೇ ನನ್ನ ತಲೆಗೆ ಬಂದ ಮೊದಲ ಮಾತು. ಆಮೇಲೆ ಸಿಟ್ಟು ಬಂತು. ಬಂದ ಸಿಟ್ಟನ್ನು ಎದುರಿಗಿದ್ದವಳ ಮೇಲೆ ಹಾಕಿದೆ.

"ಅಲ್ಲವ್ವಾ, ಆಕಿ ನಿನ್ನ ಮಾರಿ ನೋಡಿದಾಗ ನೀ ಯಾಕ ಸುಮ್ಮನ ಕುಂತಿ?"

"ನಿಂಗೆ ಇಷ್ಟ ಇಲ್ಲ ಅನ್ಕೊಂಡೆ, ಅಮ್ಮ. ಯೂ ಲುಕ್ಡ್ ಸೋ ಸ್ಯಾಡ್. ನಾನು ದೂರ ಹೋಗೋದು ನಿಂಗೆ ಬೇಡ ಅಂತ, ಸೋ ನಾನು ಏನೂ ಹೇಳ್ಲಿಲ್ಲ."

ನನ್ನ ಸಿಟ್ಟು ಅಲ್ಲೇ ಸತ್ತಿತು. ಅಡ್ಡಗೋಡೆಯ ಮೇಲೆ ದೀಪ ಇಟ್ಟವಳು ನಾನು. ಕೋಚ್‌ಗೆ ತಿಳಿಯಲಿಲ್ಲ ಅಂದರೆ ಸರಿ, ಅವಳು ಹೊರಗಿನವಳು. ಹೆತ್ತ ಮಗಳಿಗೂ ತಿಳಿಯಲಿಲ್ಲವಲ್ಲ. ಇಪ್ಪತ್ತೆರಡು ವರ್ಷ ನನ್ನ ಕೈಯ ಹೋಳಿಗೆ ತಿಂದವಳಿಗೆ ಅದರ ಅರ್ಥ ಹೇಳಿಕೊಡಬೇಕೆಂದು ನನಗೆ ಹೊಳೆದೇ ಇರಲಿಲ್ಲ. ನನಗಾಗಿ ಅವಳು ತನ್ನ ಆ ಒಂದು ವರ್ಷವನ್ನು ಬಾಯಿ ತೆರೆಯದೆ ಬಿಟ್ಟುಕೊಡಲು ತಯಾರಾಗಿದ್ದಳು. ಅವಳ ಎದುರು ನಿಂತು ಅಳುತ್ತಲೇ, "ಹೂಂ ಅಂತಲೇ ನಾ ಹೋಳಿಗಿ ಹಾಕಿದ್ದು" ಎಂದೆ. ಅವಳಿಗೆ ನಗು ಬಂತು, ನಗುತ್ತಲೇ ಅವಳೂ ಅತ್ತಳು.

ಕೋಚ್‌ಗೆ ಫೋನ್ ಮಾಡಿದರೆ ಎತ್ತಲಿಲ್ಲ. ಇಮೇಲ್ ಬರೆ ಎಂದರು ಗಂಡ. ಸಂಬಂಧ ತಪ್ಪಿದರೆ ಪತ್ರ ಬರೆಯುತ್ತಾರೇನು? ಗಾಡಿ ಕಟ್ಟಿಕೊಂಡು ಹೋಗುತ್ತಾರೆ. ನಾನು ಗುರುವಾರ ರಜೆ ಹಾಕಿದೆ, ಉಳಿದ ಹೋಳಿಗೆಯನ್ನು ಡಬ್ಬಿಗೆ ತುಂಬಿದೆ. ಬೆಳಿಗ್ಗೆ ಆರಕ್ಕೆ ತಾಯಿ ಮಗಳು ಹೊರಟೆವು. ವಾಷಿಂಗ್ಟನ್ ದಾಟುವಷ್ಟರಲ್ಲಿ ಟ್ರಾಫಿಕ್ಕಿಗೆ ಬೈದು ಬೈದು ನನ್ನ ಗಂಟಲು ಕೂತಿತ್ತು. ರಿಚ್‌ಮಂಡ್ ದಾಟಿದ ಮೇಲೆ ರಸ್ತೆ ಬಿಡುವಾಯಿತು, ಎರಡೂ ಬದಿಗೆ ಪೈನ್ ಮರ, ನಡುನಡುವೆ ಕೆಂಪು ಮಣ್ಣು. ಎರೆಮಣ್ಣಿನಲ್ಲಿ ಬೆಳೆದ ನನಗೆ ಆ ಕೆಂಪು ಹಬ್ಬದಂತೆ ಕಂಡಿತು. ದಾರಿಯುದ್ದಕ್ಕೂ ಅವಳು ಆ ತಂಡ ಹೇಗೆ ಆಡುತ್ತದೆ, ತಾನು ಹೋದರೆ ಚೆಂಡನ್ನು ಯಾರಿಗೆ ಹೇಗೆ ಕೊಡುತ್ತೇನೆ ಎಂದು ಹೇಳುತ್ತಲೇ ಇದ್ದಳು. ಅವರ ಆಟದ ವಿಡಿಯೋಗಳನ್ನೆಲ್ಲ ಅವಳು ನೋಡಿ ಮುಗಿಸಿದ್ದಳು. ಇಷ್ಟು ಆಸೆ ಇಟ್ಟುಕೊಂಡು ಭಾನುವಾರ ತಲೆ ತಗ್ಗಿಸಿ ಕೂತಿದ್ದಳಲ್ಲ! ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಸುಮ್ಮನೆ ಹೇಳಿಲ್ಲ.

ಹನ್ನೊಂದೂವರೆಗೆ ಕಾಲೇಜಿನ ಜಿಮ್ ಬಾಗಿಲಲ್ಲಿದ್ದೆವು. ಕೋಚ್‌ನ ಆಫೀಸು ಪಕ್ಕದಲ್ಲೇ. ಕಪಾಟಿನಲ್ಲಿ ತಂಡ ಗೆದ್ದ ಕಪ್‌ಗಳ ಸಾಲಿನಲ್ಲಿ ನನ್ನ ತೆಂಗಿನಕಾಯಿ ಕೂತಿತ್ತು. ಏನು ಮಾಡಬೇಕೆಂದು ಗೊತ್ತಾಗದೆ ಮರ್ಯಾದೆಯ ಜಾಗದಲ್ಲಿ ಇಟ್ಟೆ ಎಂದಳು ಕೋಚ್. ನಾನು ಕೂರಲೂ ಇಲ್ಲ. ಹೋಳಿಗೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅವಲಕ್ಕಿ ಎಂದರೇನು, ಹೋಳಿಗೆ ಎಂದರೇನು, ಮುಖ ಯಾಕೆ ಬಿಗಿಹಿಡಿಯಬೇಕು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ನನ್ನ ತಾಯಿಯ ಕಥೆಯನ್ನೂ ಬಿಡಲಿಲ್ಲ. ಕೋಚ್ ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಆಮೇಲೆ, ನಿಮ್ಮದು ಅರ್ಥವಾಯಿತು, ಆದರೆ ನನ್ನ ಅನುಮಾನ ನಿಮ್ಮ ಮೇಲಲ್ಲ, ಇವಳ ಮೇಲೆ ಎಂದಳು.

ಮಗಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಅವಳು ಹೇಳಿದ್ದರ ಸಾರ ಇಷ್ಟು: "ಚೆಂಡು ನಡೆಸುವವಳು ಅಂಗಳದಲ್ಲಿ ಕೂಗಬೇಕು. ನಿನ್ನ ಸ್ವಂತ ಮನೆಯಲ್ಲಿ, ನಿನ್ನದೇ ಜಾಗದ ಮಾತು ಬಂದಾಗ, ನೀನು ತುಟಿ ಬಿಚ್ಚಲಿಲ್ಲ. ಇಲ್ಲಿ ಕೂಗುತ್ತೀಯಾ?"

ಜಿಮ್ಮಿನಲ್ಲಿ ತಂಡದ ಹುಡುಗಿಯರು ಆರೇಳು ಜನ ಅಭ್ಯಾಸ ಮಾಡುತ್ತಿದ್ದರು. ಮಗಳ ಷೂ ಕಾರಿನಲ್ಲೇ ಇತ್ತು. ಪೆಟ್ಟಾದರೆ ತಾವು ಹೊಣೆಯಲ್ಲ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡು ಕೋಚ್ ಅವಳನ್ನು ಅಂಗಳಕ್ಕೆ ಬಿಟ್ಟಳು. ನಾನು ಮರದ ಮೆಟ್ಟಿಲ ಮೇಲೆ ಕೂತೆ. ಮೊದಲ ಐದು ನಿಮಿಷ ಅವಳು ಸುಮ್ಮನೆ ಓಡಿದಳು, ಚೆಂಡು ಬಂದರೆ ಕೊಟ್ಟಳು. ಬಾಯಿ ಮಾತ್ರ ಬಿಗಿದೇ ಇತ್ತು, ಥೇಟ್ ನನ್ನ ಭಾನುವಾರದ ಮುಖ. ಕೋಚ್ ಕೈಕಟ್ಟಿಕೊಂಡು ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಊರಿನಲ್ಲಿ ಹೊಲದ ಆಚೆಯವರನ್ನು ಕರೆಯುವ ದನಿಯಲ್ಲಿ ಒದರಿದೆ.

"ಒದರವ್ವಾ! ನನ್ನ ಮಾರಿ ನೋಡಬ್ಯಾಡ, ಒದರು!"

ಹುಡುಗಿಯರೆಲ್ಲ ತಿರುಗಿ ನೋಡಿದರು. ಮಗಳ ಕಿವಿ ಕೆಂಪಾಯಿತು. ಮತ್ತೆ ಚೆಂಡು ಅವಳ ಕೈಗೆ ಬಂದಾಗ ಆ ಜಿಮ್ಮಿನ ಮಾಡು ಹಾರುವಂತೆ ಕೂಗಿದಳು. ನೀನು ಎಡಕ್ಕೆ, ನೀನು ಒಳಗೆ, ನಿಲ್ಲು, ಈಗ ಓಡು! ಯಾರೆಂದೇ ಗೊತ್ತಿಲ್ಲದ ಹುಡುಗಿಯರು ಅವಳು ಹೇಳಿದ ಕಡೆ ಓಡಿದರು. ಚೆಂಡು ಒಬ್ಬಳಿಂದ ಇನ್ನೊಬ್ಬಳಿಗೆ ಹಾರಿ ಬುಟ್ಟಿಗೆ ಬಿತ್ತು. ಇಂಥ ದನಿ ಅವಳ ಹೊಟ್ಟೆಯಲ್ಲಿದೆ ಎಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ನಾನು ಒಬ್ಬಳೇ ಚಪ್ಪಾಳೆ ತಟ್ಟಿದೆ, ಅಂಗೈ ಉರಿಯುವವರೆಗೆ.

ಅರ್ಧ ಗಂಟೆಯ ಮೇಲೆ ಮಗಳು ಬೆವರು ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕದಲ್ಲಿ ಕೂತಳು. ಕೋಚ್ ನಮ್ಮ ಎದುರಿಗೆ ಬಂದು ನಿಂತಳು. ಆ ಇನ್ನೊಬ್ಬ ಹುಡುಗಿಯ ತಾಯಿಯೂ ಇದೇ ಹೊತ್ತಿಗೆ ಎಲ್ಲೋ ಬಟ್ಟೆ ಮಡಚಿ ಬ್ಯಾಗು ತುಂಬುತ್ತಿರಬೇಕು ಎಂದು ನನಗೆ ಹೊಳೆಯಿತು. ಆದರೂ ಕೋಚ್‌ನ ಬಾಯನ್ನೇ ನೋಡುತ್ತಿದ್ದೆ. ಅವಳ ಮುಖ ಬಿಗಿಯಾಗಿತ್ತು. ನಗುವಿನ ಸುಳಿವೇ ಇಲ್ಲ.

ನಾವೆಲ್ಲ ಕೂತು ಮಾತಾಡಿ ನಿಮಗೆ ತಿಳಿಸುತ್ತೇವೆ ಎಂದಳು.

ಮಗಳು ಷೂ ಲೇಸ್ ಬಿಚ್ಚತೊಡಗಿದಳು. ಕೋಚ್ ಆಫೀಸಿಗೆ ಹೋಗಿ, ಒಂದು ಪೇಪರ್ ತಟ್ಟೆ ಹಿಡಿದುಕೊಂಡು ವಾಪಸು ಬಂದಳು. ಅದರ ಮೇಲೆ ಎರಡು ಶೇಂಗಾ ಹೋಳಿಗೆ ಇದ್ದವು. ಬಾಗಿ ಅದನ್ನು ನನ್ನ ಮಗಳ ತೊಡೆಯ ಮೇಲಿಟ್ಟಳು.